ಅಮೆರಿಕದ ಇತಿಹಾಸದ ಉಪನ್ಯಾಸಗಳು: ಯಾರನ್ನು ಕೇಳಬೇಕು, ಯಾರನ್ನು ನಂಬಬೇಕು?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರಿನಲ್ಲಿ, ಕೆಲಸ ಅಮೆರಿಕದ ಕ್ಲೈಂಟ್‌ಗೆ. ಕೆಲಸ ಕಡಿಮೆ ಇದ್ದಾಗ ಇಯರ್‌ಫೋನ್ ಹಾಕಿಕೊಂಡು ಏನಾದರೂ ಕೇಳುತ್ತಾ ಕೂರುತ್ತೇನೆ. ಈಗ ಅಮೆರಿಕದ ಇತಿಹಾಸದ ಹುಚ್ಚು ಹತ್ತಿದೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಉಪನ್ಯಾಸಗಳು ರಾಶಿ ಬಿದ್ದಿವೆ. ಕೆಲವು ತುಂಬಾ ಚೆನ್ನಾಗಿವೆ. ಇನ್ನು ಕೆಲವು ಅರ್ಧ ಗಂಟೆ ಕೇಳಿದ ಮೇಲೆ ಗೊತ್ತಾಗುತ್ತದೆ, ಇದು ಹೊಸ ಪುಸ್ತಕದ ಜಾಹೀರಾತು ಅಂತ.

ನನ್ನ ಪ್ರಶ್ನೆ ಇಷ್ಟೇ. ಯಾರಿಂದ ಶುರು ಮಾಡಲಿ? ಮತ್ತೆ, ಮಾತು ಸೊಗಸಾಗಿದೆ ಅಂದ ಮಾತ್ರಕ್ಕೆ ಇತಿಹಾಸವೂ ಸರಿ ಇದೆ ಅಂತ ನಂಬಬಹುದಾ?

ಬಾಸ್ಟನ್ ಬದನೆಕಾಯಿ

ಶುರು ಮಾಡೋಕೆ ಎರಡು ಹೆಸರು ಹೇಳುತ್ತೇನೆ, ಎರಡೂ ಯೇಲ್ ವಿಶ್ವವಿದ್ಯಾಲಯದ್ದು, ಎರಡೂ ಪುಕ್ಕಟೆ.

ಮೊದಲನೆಯದು ಜೋಆನ್ ಫ್ರೀಮನ್ ಅವರ ಅಮೆರಿಕನ್ ಕ್ರಾಂತಿಯ ತರಗತಿಗಳು. 2010ರಲ್ಲಿ ಚಿತ್ರೀಕರಿಸಿದ್ದು, ಒಟ್ಟು 25. ಮೊದಲ ತರಗತಿಯಲ್ಲೇ ಕ್ರಾಂತಿಯನ್ನು ಹೇಗೆ ಓದಬೇಕು ಅಂತ ಐದು ಕಿವಿಮಾತು ಹೇಳುತ್ತಾರೆ. ಸಂಸ್ಥಾಪಕರು ಅನ್ನಿಸಿಕೊಂಡವರನ್ನು ದೇವರು ಮಾಡಬೇಡಿ, ಅವರೂ ಮನುಷ್ಯರೇ ಅನ್ನುವುದು ಅದರಲ್ಲಿ ಒಂದು. ಏನು ಬೇಕಾದರೂ ಆಗಬಹುದಿತ್ತು ಅನ್ನುವುದನ್ನು ಮರೆಯಬೇಡಿ ಅನ್ನುವುದು ಇನ್ನೊಂದು. ಇದು ನನಗೆ ತುಂಬಾ ಹಿಡಿಸಿತು. ನಮಗೆ ಕೊನೆ ಗೊತ್ತಿದೆ. 1776ರಲ್ಲಿ ಇದ್ದವರಿಗೆ ಗೊತ್ತಿರಲಿಲ್ಲ. ಸೋತಿದ್ದರೆ ನೇಣುಗಂಬ ಕಾದಿತ್ತು.

ಎರಡನೆಯದು ಡೇವಿಡ್ ಬ್ಲೈಟ್ ಅವರ ಅಂತರ್ಯುದ್ಧ (ಗುಲಾಮಗಿರಿ ವಿಷಯಕ್ಕೆ ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ್ದು) ಮತ್ತು ಅದರ ನಂತರದ ಪುನರ್ನಿರ್ಮಾಣದ ತರಗತಿಗಳು. 2008ರದ್ದು, ಒಟ್ಟು 27. ಫ್ರೀಮನ್ ಪಟಪಟ ಅಂತ ಮಾತಾಡುತ್ತಾರೆ, ನಗಿಸುತ್ತಾರೆ. ಬ್ಲೈಟ್ ಹಾಗಲ್ಲ. ನಿಧಾನ, ಗಂಭೀರ. ರಾತ್ರಿಪಾಳಿಗೆ ಬ್ಲೈಟ್ ಸೂಕ್ತ, ನಿದ್ದೆ ಬರದಿದ್ದರೆ.

ಡೇಟನ್ ದಾಸ

ತರಗತಿಯ ಪಾಠದಿಂದ ಶುರು ಮಾಡಿದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ ಗುರು. ಮೊದಲು ರುಚಿ ಹತ್ತಬೇಕು. ಡೇವಿಡ್ ಮೆಕಲ್ಲಫ್ ಕೇಳಿ.

ಅವರು 2022ರಲ್ಲಿ ತೀರಿಕೊಂಡರು, ಆದರೆ ಭಾಷಣಗಳು ಬೇಕಾದಷ್ಟು ಇವೆ. ಟ್ರೂಮನ್ ಜೀವನಚರಿತ್ರೆಗೂ ಜಾನ್ ಆಡಮ್ಸ್ ಜೀವನಚರಿತ್ರೆಗೂ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. 1990ರಲ್ಲಿ ಟಿವಿಯಲ್ಲಿ ಬಂದ ಅಂತರ್ಯುದ್ಧದ ಸಾಕ್ಷ್ಯಚಿತ್ರ ಸರಣಿಗೆ ದನಿ ಕೊಟ್ಟವರೂ ಅವರೇ. ಆ ದನಿಗೆ ಇನ್ನೊಂದು ಗಂಟೆ ಕೂರೋಣ ಅನ್ನಿಸುತ್ತದೆ. ಅಧ್ಯಕ್ಷರಾಗಿದ್ದ ಆಡಮ್ಸ್ ಮತ್ತು ಜೆಫರ್‌ಸನ್ ಇಬ್ಬರೂ ಒಂದೇ ದಿನ ಸತ್ತರು. ಅದೂ 1826ರ ಜುಲೈ 4, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ. ಇಂಥದ್ದನ್ನು ಕೇಳಿದವನು ಪುಸ್ತಕ ಹುಡುಕಿಕೊಂಡು ಹೋಗೇ ಹೋಗುತ್ತಾನೆ. ಅಡಿಟಿಪ್ಪಣಿ ಆಮೇಲೆ ನೋಡಿಕೊಳ್ಳೋಣ.

ಹಳೇ ಮೇಷ್ಟ್ರು

ದಾಸರೇ, ರುಚಿ ಹತ್ತಬೇಕು ಅನ್ನುವುದು ಸರಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕತೆ ಇಲ್ಲದೆ ಮಕ್ಕಳು ಕೂರುವುದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ರಾತ್ರಿಪಾಳಿಯವರ ಎರಡನೇ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಮಾತು ಸೊಗಸಾಗಿದ್ದರೆ ನಂಬಬಹುದಾ?

ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರ್ರಿ ಮರಕ್ಕೆ ಕೊಡಲಿ ಹಾಕಿದ, ಅಪ್ಪನ ಮುಂದೆ ಸುಳ್ಳು ಹೇಳಲಿಲ್ಲ. ಈ ಕತೆ ನಮ್ಮ ಪಠ್ಯದಲ್ಲೂ ಇತ್ತು. ಇದನ್ನು ಹಬ್ಬಿಸಿದ್ದು ಮೇಸನ್ ವೀಮ್ಸ್ ಅನ್ನುವ ಪಾದ್ರಿ. ಊರೂರು ತಿರುಗಿ ಪುಸ್ತಕ ಮಾರುತ್ತಿದ್ದವನು. ಅವನು ಬರೆದ ವಾಷಿಂಗ್ಟನ್ ಚರಿತ್ರೆಯಲ್ಲಿ ಈ ಕತೆ ಸೇರಿದ್ದು 1806ರ ಆವೃತ್ತಿಯಲ್ಲಿ, ಅಂದರೆ ವಾಷಿಂಗ್ಟನ್ ಸತ್ತ ಮೇಲೆ. ಆಧಾರ ಏನೂ ಇಲ್ಲ. ಆದರೂ ಇನ್ನೂರು ವರ್ಷ ಓಡಿತು. ಯಾಕೆ? ಕತೆ ಚೆನ್ನಾಗಿದೆ, ಅಷ್ಟೇ.

ಅದಕ್ಕೇ ನಾನು ಯಾವ ಉಪನ್ಯಾಸ ಕೇಳಿದರೂ ಒಂದೇ ಒಂದು ಕಡೆ ಕಿವಿ ಇಟ್ಟಿರುತ್ತೇನೆ. ಇದು ನಿಮಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಭಾಷಣಕಾರರು ಹೇಳುತ್ತಾರಾ, ಇಲ್ಲವಾ? ಹೇಳಿದರೆ ಪೂರ್ತಿ ಕೇಳುತ್ತೇನೆ. ಹೇಳದೆ ಬರೀ ತೀರ್ಪು ಕೊಡುತ್ತಾ ಹೋದರೆ ಆಫ್ ಮಾಡುತ್ತೇನೆ, ಎಷ್ಟೇ ದೊಡ್ಡ ಹೆಸರಿರಲಿ.

ಇದರಲ್ಲಿ ನನಗೆ ಅನೆಟ್ ಗಾರ್ಡನ್-ರೀಡ್ ಅವರೇ ಮಾದರಿ. ಓದಿದ್ದು ಕಾನೂನು. ವಿಷಯ ಹಳೆಯದೇ: ಜೆಫರ್‌ಸನ್‌ಗೂ ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಗೂ ಮಕ್ಕಳಾಗಿದ್ದವಾ? ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲೇ ಒಹಾಯೊದ ಒಂದು ಪತ್ರಿಕೆಗೆ ಹೇಳಿದ್ದ, ನಮ್ಮಪ್ಪ ಜೆಫರ್‌ಸನ್ ಅಂತ. ಇತಿಹಾಸಕಾರರು ಅದನ್ನು ತಳ್ಳಿಹಾಕುತ್ತಲೇ ಬಂದರು. ಜೆಫರ್‌ಸನ್ನರ ಬಿಳಿಯ ಮೊಮ್ಮಕ್ಕಳ ಮಾತು ಮಾತ್ರ ಸಾಕ್ಷಿ ಆಯಿತು. ಗಾರ್ಡನ್-ರೀಡ್ 1997ರ ಪುಸ್ತಕದಲ್ಲಿ ವಕೀಲರ ಹಾಗೆ ಕೇಳಿದರು: ಎರಡೂ ಕಡೆಯ ಸಾಕ್ಷಿಗಳನ್ನು ಒಂದೇ ತಕ್ಕಡಿಯಲ್ಲಿ ಯಾಕೆ ತೂಗಲಿಲ್ಲ? ಸ್ಯಾಲಿಗೆ ಮಕ್ಕಳು ಹುಟ್ಟಿದ ತಾರೀಖು ನೋಡಿ, ಒಂಬತ್ತು ತಿಂಗಳು ಹಿಂದಕ್ಕೆ ಲೆಕ್ಕ ಹಾಕಿ, ಆಗ ಜೆಫರ್‌ಸನ್ ಎಲ್ಲಿದ್ದರು ಅಂತ ನೋಡಿ. ಪ್ರತಿ ಸಲವೂ ವರ್ಜೀನಿಯಾದ ತಮ್ಮ ಮನೆ ಮಾಂಟಿಚೆಲ್ಲೊದಲ್ಲೇ. ಮರುವರ್ಷ, 1998ರಲ್ಲಿ, ಡಿಎನ್ಎ ಪರೀಕ್ಷೆಯ ಫಲಿತಾಂಶವೂ ಅದೇ ಕಡೆಗೆ ಬೆರಳು ತೋರಿಸಿತು. ಹೆಮಿಂಗ್ಸ್ ಕುಟುಂಬದ ಮೇಲಿನ ಅವರ ಮುಂದಿನ ಪುಸ್ತಕಕ್ಕೆ 2009ರಲ್ಲಿ ಪುಲಿಟ್ಜರ್ ಬಂತು.

ಅವರ ಉಪನ್ಯಾಸದಲ್ಲಿ ದನಿ ಏರುವುದೇ ಇಲ್ಲ. ಸಾಕ್ಷಿ ಒಂದೊಂದಾಗಿ ಮೇಜಿನ ಮೇಲೆ ಇಡುತ್ತಾರೆ. ಕೇಳುವವರು ತಾವೇ ತೀರ್ಮಾನಕ್ಕೆ ಬರುತ್ತಾರೆ.

ಗೀಜಗ

ಮೇಷ್ಟ್ರೇ, ನೀವು ನನ್ನ ಹೈಸ್ಕೂಲಿನಲ್ಲಿ ಇರಬೇಕಿತ್ತು. ನಮಗೆ ಪ್ಲಾಸಿ ಕದನದ ಇಸವಿ ಬಿಟ್ಟು ಬೇರೆ ಏನೂ ಹೇಳಿಕೊಡಲಿಲ್ಲ.

ಡೇಟನ್ ದಾಸ

ಒಪ್ಪಿದೆ ಮೇಷ್ಟ್ರೇ, ಆದರೆ ಪೂರ್ತಿ ಅಲ್ಲ. ಮೆಕಲ್ಲಫ್ ಕೂಡ ಆಡಮ್ಸ್ ದಂಪತಿಯ ಪತ್ರಗಳನ್ನು ಇಟ್ಟುಕೊಂಡೇ ಮಾತಾಡೋದು. ವೀಮ್ಸ್ ಪಕ್ಕದಲ್ಲಿ ಕೂರಿಸಿಬಿಟ್ಟಿರಲ್ಲ, ಪಾಪ.

ಹರಿಕತೆ ದಾಸರು ಒಂದು ಪದ ಹಾಡಿ, ಒಂದು ಉಪಕತೆ ಹೇಳಿ, ಮತ್ತೆ ಮೂಲ ಕತೆಗೆ ಬರುತ್ತಾರಲ್ಲ, ಮೆಕಲ್ಲಫ್ ಥರದವರು ಮಾಡುವುದೂ ಅದನ್ನೇ. ದೊಡ್ಡ ಸಭೆಗೆ ಅದು ಬೇಕು.

ಹಳೇ ಮೇಷ್ಟ್ರು

ಪಕ್ಕದಲ್ಲಿ ಕೂರಿಸಲಿಲ್ಲ ದಾಸರೇ. ಒಂದು ಬೆಂಚು ಬಿಟ್ಟು ಕೂರಿಸಿದೆ.

ಬಾಸ್ಟನ್ ಬದನೆಕಾಯಿ

ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಬ್ಲೈಟ್ ಹೇಳುವ ಒಂದು ಪ್ರಸಂಗ ಇದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಭಾಷಣ ಮಾಡಿದ ಫ್ರೆಡರಿಕ್ ಡಗ್ಲಸ್ ಅವರ ಜೀವನಚರಿತ್ರೆಗೆ ಬ್ಲೈಟ್‌ಗೆ 2019ರಲ್ಲಿ ಪುಲಿಟ್ಜರ್ ಬಂತು. ಆ ಪುಸ್ತಕ ಶುರುವಾಗಿದ್ದೇ ಒಂದು ಉಪನ್ಯಾಸದಿಂದ. ಜಾರ್ಜಿಯಾದ ಸವಾನಾ ಊರಿಗೆ ಶಾಲಾ ಶಿಕ್ಷಕರಿಗೆ ಭಾಷಣ ಮಾಡಲು ಹೋಗಿದ್ದರಂತೆ. ಅಲ್ಲಿಯವರು, ಇಲ್ಲೊಬ್ಬರು ಹಳೆಯ ಕಾಗದ ಪತ್ರ ಸಂಗ್ರಹ ಮಾಡುವವರಿದ್ದಾರೆ, ಭೇಟಿ ಮಾಡಿ ಅಂದರು. ಅವರೇ ವಾಲ್ಟರ್ ಇವಾನ್ಸ್, ನಿವೃತ್ತ ಶಸ್ತ್ರವೈದ್ಯರು. ಊಟದ ಮೇಜಿನ ಮೇಲೆ ಹಳೆಯ ಕತ್ತರಿಕೆ ಪುಸ್ತಕಗಳನ್ನು ತಂದಿಟ್ಟರು. ಡಗ್ಲಸ್ ಮಕ್ಕಳು ಅಪ್ಪನ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದನ್ನೆಲ್ಲಾ ಕತ್ತರಿಸಿ ಅಂಟಿಸಿದ್ದು. ಡಗ್ಲಸ್ಸರ ಕೊನೆಯ ಮೂವತ್ತು ವರ್ಷಗಳ ಬಗ್ಗೆ ಅಲ್ಲಿ ಇದ್ದಷ್ಟು ವಿವರ ಬೇರೆ ಕಡೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಸಂಗ್ರಹ ಈಗ ಯೇಲ್ ಗ್ರಂಥಾಲಯದಲ್ಲಿದೆ.

ಅಂದಹಾಗೆ ಅಮೆರಿಕದಲ್ಲಿ ಟಿಕೆಟ್ ಇಟ್ಟು ಉಪನ್ಯಾಸ ಕೇಳುವುದು ಹೊಸದಲ್ಲ. 1826ರಲ್ಲಿ ಜೋಸಾಯಾ ಹೋಲ್‌ಬ್ರೂಕ್ ಅನ್ನುವವರು ನಮ್ಮ ಮ್ಯಾಸಚೂಸೆಟ್ಸ್‌ನ ಮಿಲ್‌ಬರಿಯಲ್ಲಿ ಲೈಸಿಯಮ್ ಅನ್ನುವ ಸಂಘ ಕಟ್ಟಿದರು. ಊರಿನವರೇ ಸೇರಿ ಚಂದಾ ಹಾಕಿ ಭಾಷಣಕಾರರನ್ನು ಕರೆಸುವುದು. ಅದು ಊರೂರಿಗೆ ಹಬ್ಬಿತು. ಚಳಿಗಾಲ ಬಂದರೆ ಹೊಲದ ಕೆಲಸ ಇಲ್ಲ, ಸಂಜೆ ಬೇಗ ಕತ್ತಲಾಗುತ್ತದೆ, ಇನ್ನೇನು ಮಾಡುತ್ತಾರೆ?

ಎಡ್ವರ್ಡ್ ಎವರೆಟ್ ಗೊತ್ತಲ್ಲ, ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ನರ ಎರಡು ನಿಮಿಷದ ಹೆಸರಾಂತ ಭಾಷಣಕ್ಕೆ ಮುಂಚೆ ಎರಡು ಗಂಟೆ ಮಾತಾಡಿದವರು. ಎಲ್ಲರೂ ಅವರನ್ನು ಬರೀ ಗೇಲಿಗೆ ನೆನೆಸಿಕೊಳ್ಳುತ್ತಾರೆ. ನನಗೆ ಸ್ವಲ್ಪ ಬೇಜಾರು. ಅಂತರ್ಯುದ್ಧಕ್ಕೆ ಮುಂಚೆ ವಾಷಿಂಗ್ಟನ್ನರ ಮನೆ ಮೌಂಟ್ ವರ್ನನ್ ಪಾಳುಬೀಳುತ್ತಿತ್ತು. ಅದನ್ನು ಕೊಂಡು ಉಳಿಸಲು ಹೆಂಗಸರ ಒಂದು ಸಂಘ ಹೊರಟಿತು. ಬೇಕಾಗಿದ್ದು 2,00,000 ಡಾಲರ್. ಎವರೆಟ್ ವಾಷಿಂಗ್ಟನ್ನರ ಗುಣದ ಬಗ್ಗೆ ಒಂದೇ ಭಾಷಣವನ್ನು ನೂರಕ್ಕೂ ಹೆಚ್ಚು ಕಡೆ ಮಾಡಿ, ಸುಮಾರು 69,000 ಡಾಲರ್ ಕೂಡಿಸಿ ಕೊಟ್ಟರು. ಇವತ್ತು ಜನ ಆ ಮನೆ ನೋಡಲು ಹೋಗುತ್ತಾರೆ ಅಂದರೆ ಮೂರನೇ ಒಂದು ಪಾಲು ಆ ಉದ್ದ ಭಾಷಣಕಾರನ ಋಣ.

ಗೀಜಗ

ಒಂದೇ ಭಾಷಣ ನೂರು ಸಲ! ನಮ್ಮ ಕಡೆಯ ಕೆಲವು ಸಾಹಿತಿಗಳಿಗೆ ಈ ವಿಷಯ ಹೇಳಬೇಡಿ.

ಹಳೇ ಮೇಷ್ಟ್ರು

ಬದನೆಕಾಯಿಯವರೇ, ಲಿಂಕನ್ನರ ಕೂಪರ್ ಯೂನಿಯನ್ ಭಾಷಣ ಬಿಟ್ಟಿರಲ್ಲ. ನನ್ನ ಪ್ರಕಾರ ಅದು ಇತಿಹಾಸದ ಉಪನ್ಯಾಸವೇ.

1860ರ ಫೆಬ್ರವರಿ 27, ನ್ಯೂಯಾರ್ಕ್. ಮೊದಲು ಬ್ರೂಕ್ಲಿನ್‌ನ ಒಂದು ಚರ್ಚಿನಲ್ಲಿ ಮಾತಾಡಿ ಅಂತ ಕರೆದಿದ್ದು. ಆಮೇಲೆ ಜಾಗ ಕೂಪರ್ ಯೂನಿಯನ್ ಅನ್ನುವ ಕಾಲೇಜಿನ ಸಭಾಂಗಣಕ್ಕೆ ಬದಲಾಯಿತು. ಟಿಕೆಟ್ 25 ಸೆಂಟ್. ಲಿಂಕನ್ ಆಗಿನ್ನೂ ಅಧ್ಯಕ್ಷ ಪದವಿಯ ಅಭ್ಯರ್ಥಿ ಕೂಡ ಅಲ್ಲ. ಪಶ್ಚಿಮದ ಕಡೆಯ ವಕೀಲ, ಅಳತೆಗೆ ಸರಿ ಕೂರದ ಕೋಟು. ಪ್ರಶ್ನೆ ಏನಪ್ಪಾ ಅಂದರೆ, ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬದಂತೆ ಕೇಂದ್ರ ಸರ್ಕಾರ ತಡೆಯಬಹುದಾ? ಸಂವಿಧಾನ ಬರೆದವರ ಮನಸ್ಸಿನಲ್ಲಿ ಅದು ಇರಲಿಲ್ಲ ಅಂತ ಎದುರಾಳಿಗಳ ವಾದ.

ಲಿಂಕನ್ ಏನು ಮಾಡಿದರು? ಹಳೆಯ ಕಡತ, ಚರ್ಚೆಗಳ ದಾಖಲೆ ಎಲ್ಲಾ ತೆಗೆದು ಕೂತರು. ಸಂವಿಧಾನಕ್ಕೆ ಸಹಿ ಹಾಕಿದವರು 39 ಜನ. ಅವರಲ್ಲಿ ಒಬ್ಬೊಬ್ಬರೂ ಈ ವಿಷಯ ಬಂದಾಗ ಯಾವ ಕಡೆ ಮತ ಹಾಕಿದರು ಅಂತ ಹುಡುಕಿದರು. 21 ಜನ, ಅಂದರೆ ಸ್ಪಷ್ಟ ಬಹುಮತ, ಕೇಂದ್ರಕ್ಕೆ ಆ ಅಧಿಕಾರ ಇದೆ ಅನ್ನುವ ಹಾಗೆ ನಡೆದುಕೊಂಡಿದ್ದರು. ಸಭೆಯ ಮುಂದೆ ಹೆಸರು, ಇಸವಿ ಹಿಡಿದು ಲೆಕ್ಕ ಒಪ್ಪಿಸಿದರು. ಭಾಷಣದ ಮೊದಲ ಭಾಗ ಒಣ ಲೆಕ್ಕ ಅಂದರೆ ಒಣ ಲೆಕ್ಕ. ಆದರೂ ಜನ ಟೋಪಿ ಹಾರಿಸಿ ಕೂಗಿದರು. ಮಾರನೇ ದಿನ ಪತ್ರಿಕೆಗಳಲ್ಲಿ ಪೂರ್ತಿ ಅಚ್ಚಾಯಿತು.

ದಾಸರೇ, ಆಧಾರ ತೋರಿಸಿದರೂ ಜನ ಕೂರುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಡೇಟನ್ ದಾಸ

ಲಿಂಕನ್ ಸಿಕ್ಕಿದರೆ ನಾನೂ ಕೂರುತ್ತೇನೆ ಮೇಷ್ಟ್ರೇ. ಸಿಗುವವರು ಲಿಂಕನ್ ಅಲ್ಲ, ಅದೇ ಕಷ್ಟ.

ಕಲಬುರಗಿ ಕಡಲೆ

ಎಲ್ಲಾ ಚೆನ್ನಾಗಿದೆ. ಆದರೆ ಇಲ್ಲಿವರೆಗೂ ಯಾರೂ ಪುನರ್ನಿರ್ಮಾಣದ ಕಾಲದ ಬಗ್ಗೆ ಸರಿಯಾಗಿ ಹೇಳಲಿಲ್ಲ. ಯುದ್ಧ ಮುಗಿದ 1865ರಿಂದ 1877ರವರೆಗಿನ ಕಾಲ, ಬಿಡುಗಡೆಯಾದ ಗುಲಾಮರಿಗೆ ಹಕ್ಕು ಕೊಟ್ಟು ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಲು ಹೊರಟಿದ್ದು. ನನ್ನ ಪ್ರಕಾರ ನಮ್ಮವರು ಮೊದಲು ಕೇಳಬೇಕಾದದ್ದೇ ಅದು. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕ ಬರೆದು ಅರ್ಪಣೆ ಮಾಡಿದ್ದು ಯಾರಿಗೆ? ಗುಲಾಮಗಿರಿ ತೊಲಗಿಸಿದ ಅಮೆರಿಕದ ಜನರಿಗೆ. ಆಗ ಅಲ್ಲಿ ಪುನರ್ನಿರ್ಮಾಣ ಇನ್ನೂ ನಡೆಯುತ್ತಿತ್ತು. ಪುಣೆಯಲ್ಲಿ ಕೂತ ಫುಲೆ ಅಷ್ಟು ದೂರದ ಸುದ್ದಿ ಮೇಲೆ ಕಣ್ಣಿಟ್ಟಿದ್ದರು.

ಎರಿಕ್ ಫೋನರ್ ಕೇಳಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಆ ಹತ್ತು ಹನ್ನೆರಡು ವರ್ಷದಲ್ಲಿ ಸುಮಾರು 2,000 ಕಪ್ಪು ಜನ ಸರ್ಕಾರಿ ಹುದ್ದೆಗಳಿಗೆ ಬಂದರು ಅಂತ ಹೇಳುತ್ತಾರೆ, ಊರಿನ ಮಟ್ಟದಿಂದ ಸೆನೆಟ್‌ವರೆಗೆ. 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟರ್ ಆದರು. ಆಮೇಲೆ ಎಲ್ಲಾ ಕಿತ್ತುಕೊಂಡರು. ಕಿತ್ತುಕೊಂಡಿದ್ದು ಸಾಲದು ಅಂತ ಇತಿಹಾಸಕಾರರೂ ಸೇರಿಕೊಂಡರು. ಕೊಲಂಬಿಯಾದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರು, ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟಿದ್ದೇ ತಪ್ಪು ಅಂತ ಬರೆದರು. ದಶಕಗಟ್ಟಲೆ ಅದೇ ಪಠ್ಯ.

ಈಗ ಉಪನ್ಯಾಸದ ವಿಷಯಕ್ಕೆ ಬರುತ್ತೇನೆ. 1909ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಇತಿಹಾಸ ಸಂಘದ ಸಭೆ. ಕಪ್ಪು ಇತಿಹಾಸಕಾರ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಎದ್ದು ನಿಂತು ಪ್ರಬಂಧ ಓದಿದರು. ಪುನರ್ನಿರ್ಮಾಣದ ಕಾಲದ ಸರ್ಕಾರಗಳು ದಕ್ಷಿಣಕ್ಕೆ ಮೂರು ಕೊಟ್ಟವು ಅಂದರು: ಪ್ರಜಾಸತ್ತೆಯ ಆಡಳಿತ, ಎಲ್ಲರಿಗೂ ಪುಕ್ಕಟೆ ಶಾಲೆ, ಹೊಸ ಸಾಮಾಜಿಕ ಕಾನೂನು. ಡನ್ನಿಂಗ್ ಕೇಳಿ ಒಳ್ಳೆಯ ಮಾತೇ ಆಡಿದರಂತೆ. ಆದರೆ ಪಠ್ಯ ಬದಲಾಗಲಿಲ್ಲ. ಡುಬಾಯ್ಸ್ ಅದನ್ನೇ ದೊಡ್ಡ ಪುಸ್ತಕ ಮಾಡಿ 1935ರಲ್ಲಿ ತಂದರು. ವಿಶ್ವವಿದ್ಯಾಲಯಗಳು ಅದನ್ನು ಸರಿಯಾಗಿ ಓದಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಮೇಷ್ಟ್ರೇ, ನಿಮ್ಮ ಅಳತೆಗೋಲು ಇಲ್ಲಿ ಸಾಕಾಗುವುದಿಲ್ಲ. ಡನ್ನಿಂಗ್ ಶಿಷ್ಯರ ಹತ್ತಿರವೂ ಕಡತ ಇದ್ದವು, ಅಡಿಟಿಪ್ಪಣಿ ಇದ್ದವು. ಯಾರ ಮಾತನ್ನು ಸಾಕ್ಷಿ ಅಂತ ತೆಗೆದುಕೊಂಡರು, ಯಾರದ್ದನ್ನು ಬಿಟ್ಟರು, ಅದನ್ನೂ ಕೇಳಬೇಕು.

ಹಳೇ ಮೇಷ್ಟ್ರು

ಸರಿಯಾಗಿ ಹಿಡಿದಿರಿ. ಮ್ಯಾಡಿಸನ್ ಹೆಮಿಂಗ್ಸ್ ವಿಷಯದಲ್ಲಿ ಆಗಿದ್ದೂ ಅದೇ ಅಲ್ವಾ.

ಸತ್ಯವಾನ್

ಕ್ಷಮಿಸಿ, ಒಂದು ಮಾತು. ಈಗಿನ ಉಪನ್ಯಾಸ ಯಾವುದು ಕೇಳಿದರೂ ಗುಲಾಮಗಿರಿ, ಗುಲಾಮಗಿರಿ. ನಾವಿರುವುದು ವರ್ಜೀನಿಯಾದಲ್ಲಿ. ಮಾಂಟಿಚೆಲ್ಲೊಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಜೆಫರ್‌ಸನ್ ಘೋಷಣೆ ಬರೆದವರು, ವಿಶ್ವವಿದ್ಯಾಲಯ ಕಟ್ಟಿದವರು. ಗೈಡ್ ಅದರ ಬಗ್ಗೆ ಹೇಳಿದ್ದು ಸ್ವಲ್ಪ, ಅಡುಗೆಮನೆಯಲ್ಲಿ ಯಾರು ದುಡಿದರು ಅಂತ ಹೇಳಿದ್ದೇ ಜಾಸ್ತಿ. ಒಳ್ಳೆಯದನ್ನೂ ಹೇಳಬೇಕಲ್ವಾ?

ಅಟ್ಲಾಂಟಾ ಅತ್ತೆ

ಸತ್ಯವಾನ್ ಅವರೇ, ನಾನೂ ಅಲ್ಲಿಗೆ ಹೋಗಿದ್ದೆ, ಹೊಸ ಸೊಸೆ ಜೊತೆ. ಗೈಡ್ ಜೆಫರ್‌ಸನ್ ಗ್ರಂಥಾಲಯ, ಅವರೇ ಮಾಡಿಸಿದ ಗಡಿಯಾರ, ತೋಟ ಎಲ್ಲಾ ತೋರಿಸಿದರು. ಆಮೇಲೆ ಬೆಟ್ಟದ ಬದಿಯಲ್ಲಿ ಸಾಲು ಗುಡಿಸಲು ಇದ್ದ ದಾರಿಗೆ ಕರೆದುಕೊಂಡು ಹೋದರು. ಜೆಫರ್‌ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ ಅವರ ಗುಲಾಮರಾಗಿದ್ದರು. ಮನೆ ನೋಡಿದವರು ಮನೆ ನಡೆಸಿದವರನ್ನು ನೋಡಬಾರದಾ? ಜೆಫರ್‌ಸನ್ನರೇ ತಮ್ಮ ತೋಟದ ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರು, ಯಾರಿಗೆ ಎಷ್ಟು ಬಟ್ಟೆ, ಎಷ್ಟು ಮೀನು ಅಂತ ಬರೆದಿಟ್ಟಿದ್ದಾರೆ. ಗೈಡ್ ಓದಿದ್ದು ಅದನ್ನೇ.

ಬೈದ ಹಾಗೆ ನನಗೆ ಅನ್ನಿಸಲಿಲ್ಲ. ನನ್ನ ಸೊಸೆ ಅಲ್ಲಿ ಕೇಳಿದ ಪ್ರಶ್ನೆ ಮಾತ್ರ ನೆನಪಿದೆ: ಘೋಷಣೆ ಬರೆದವರಿಗೆ ಇದು ತಪ್ಪು ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು, ಬರೆದೂ ಇದ್ದಾರೆ ಅಂದರು ಗೈಡ್. ಆ ಮಾತಿನ ಮೇಲೆ ವಾಪಸ್ ಬರುವಾಗ ಕಾರಿನಲ್ಲಿ ಎಲ್ಲರೂ ಜಗಳ ಆಡಿದೆವು.

ಸತ್ಯವಾನ್

ಗುಡಿಸಲಿನ ದಾರಿಗೆ ನಾವು ಹೋಗಲಿಲ್ಲ, ಮಳೆ ಬಂತು. ಲೆಕ್ಕದ ಪುಸ್ತಕ ನೋಡುತ್ತೇನೆ. ಆದರೂ ನನ್ನ ಮಾತು ಬಿಡುವುದಿಲ್ಲ, ಅಳತೆ ತಪ್ಪಬಾರದು.

ಬಾಸ್ಟನ್ ಬದನೆಕಾಯಿ

ಈ ವಿಷಯಕ್ಕೆ ಡಗ್ಲಸ್ಸರನ್ನೇ ಕೇಳಬಹುದು. 1852ರ ಜುಲೈ 5, ರಾಚೆಸ್ಟರ್‌ನ ಕೊರಿಂಥಿಯನ್ ಹಾಲ್. ಜುಲೈ 4ರ ಹಬ್ಬದ ಭಾಷಣ ಮಾಡಿ ಅಂತ ಕರೆದಿದ್ದರು. ಮೊದಲ ಭಾಗ ಪೂರ್ತಿ ಸಂಸ್ಥಾಪಕರಿಗೆ ಮರ್ಯಾದೆ. ಧೈರ್ಯವಂತರು, ದೊಡ್ಡವರು ಅಂತ ಹೊಗಳುತ್ತಾರೆ. ಆಮೇಲೆ ತಿರುಗುತ್ತಾರೆ. ಈ ಹಬ್ಬ ನಿಮ್ಮದು, ನನ್ನದಲ್ಲ ಅನ್ನುತ್ತಾರೆ. ಹೊಗಳಿಕೆಯೂ ಸುಳ್ಳಲ್ಲ, ಸಿಟ್ಟೂ ಸುಳ್ಳಲ್ಲ. ಸತ್ಯವಾನ್ ಕೇಳುವ ಅಳತೆ ಅದರಲ್ಲಿದೆ.

ಇಲ್ಲಿ ಬೇಸಿಗೆ ಬಂದರೆ ಊರೂರಲ್ಲಿ ಆ ಭಾಷಣವನ್ನು ಜನ ಸೇರಿ ಓದುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ. ಬಾಸ್ಟನ್ ಕಾಮನ್ ಪಾರ್ಕಿನಲ್ಲಿ ನಾನೂ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಮುಂದೆ ಒಬ್ಬ ಅಂಚೆಯವರು ಯೂನಿಫಾರ್ಮ್‌ನಲ್ಲೇ, ಹಿಂದೆ ಒಬ್ಬ ಸ್ಕೂಲ್ ಹುಡುಗಿ. ಉದ್ದ ಉದ್ದ ವಾಕ್ಯ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ಹುಡುಗಿ ನನಗಿಂತ ಚೆನ್ನಾಗಿ ಓದಿದಳು.

ಇಂಥ ಕಾರ್ಯಕ್ರಮಕ್ಕೆಲ್ಲಾ ಹಣ ಬರುವುದು ರಾಜ್ಯಗಳ ಮಾನವಿಕ ಮಂಡಳಿಗಳಿಂದ. ಅವುಗಳಿಗೆ ಕೇಂದ್ರದ ಅನುದಾನ. 2025ರ ಏಪ್ರಿಲ್‌ನಲ್ಲಿ ಆ ಅನುದಾನಗಳನ್ನು ದೊಡ್ಡ ಪ್ರಮಾಣದಲ್ಲಿ ರದ್ದು ಮಾಡಿದರು, ವಿಷಯ ಕೋರ್ಟಿಗೂ ಹೋಯಿತು. ಅದೂ ದೇಶಕ್ಕೆ 250 ತುಂಬುವ 2026 ಹತ್ತಿರ ಬಂದಾಗ. ಸಣ್ಣ ಊರಿನ ಲೈಬ್ರರಿಗೆ ಒಬ್ಬ ಇತಿಹಾಸಕಾರರನ್ನು ಕರೆಸಲು ಬೇಕಾಗುವುದು ಬಸ್ಸಿನ ಖರ್ಚು, ಊಟ, ಚಿಕ್ಕ ಗೌರವಧನ. ಅದಕ್ಕೂ ಕತ್ತರಿ.

ಗೀಜಗ

ಉಪನ್ಯಾಸದ ದುಡ್ಡಿನ ಮಾತು ಬಂತು, ಅದಕ್ಕೆ ಹೇಳುತ್ತೇನೆ. ವಿವೇಕಾನಂದರೂ ಶಿಕಾಗೋದ ಸ್ಲೇಟನ್ ಅನ್ನುವ ಲೈಸಿಯಮ್ ಏಜೆನ್ಸಿ ಜೊತೆ ಒಪ್ಪಂದ ಮಾಡಿಕೊಂಡು ಊರೂರು ಭಾಷಣಕ್ಕೆ ತಿರುಗಿದ್ದರು. ಸ್ವಲ್ಪ ದಿನಕ್ಕೇ ಸಾಕಾಗಿ ಅದರಿಂದ ಬಿಡಿಸಿಕೊಂಡರು. ಅಲ್ಲಿಂದಲೇ 1894ರಲ್ಲಿ ನಮ್ಮ ಮೈಸೂರು ಮಹಾರಾಜರಿಗೆ ಪತ್ರ ಬರೆದಿದ್ದಾರೆ.

ಇನ್ನೊಂದು ತಮಾಷೆ. ಅವರು 1893ರ ಸೆಪ್ಟೆಂಬರ್ 11ಕ್ಕೆ ಮಾತಾಡಿದ ಕಟ್ಟಡದಲ್ಲೇ ಅದೇ ವರ್ಷದ ಜುಲೈ 12ಕ್ಕೆ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ವಲಸಿಗರು ಪಶ್ಚಿಮಕ್ಕೆ ಹಬ್ಬುತ್ತಾ ಹೋದ ಗಡಿನಾಡಿನ ಬಗ್ಗೆ ಪ್ರಬಂಧ ಓದಿದ್ದರು. 31 ವರ್ಷದ ಮೇಷ್ಟ್ರು, ಸಂಜೆಯ ಕೊನೆಯ ಸರದಿ, ಸಭೆ ಸುಸ್ತಾಗಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಅಮೆರಿಕದ ಇತಿಹಾಸದಲ್ಲೇ ಅತಿ ಜಾಸ್ತಿ ಚರ್ಚೆಯಾದ ಪ್ರಬಂಧ ಅದಾಯಿತು.

ಕಲಬುರಗಿ ಕಡಲೆ

ಆ ಗಡಿನಾಡನ್ನು ಖಾಲಿ ಜಮೀನು ಅನ್ನುವ ಹಾಗೆ ಬರೆದರು. ಅಲ್ಲಿದ್ದ ಮೂಲನಿವಾಸಿಗಳು ಎಲ್ಲಿ ಹೋದರು ಅಂತ ಕೇಳುವುದಕ್ಕೆ ಇನ್ನೊಂದು ತಲೆಮಾರಿನ ಇತಿಹಾಸಕಾರರು ಬರಬೇಕಾಯಿತು.

ಅಟ್ಲಾಂಟಾ ಅತ್ತೆ

ರಾತ್ರಿಪಾಳಿ ಅವರಿಗೆ ಒಂದು ಉಪಯೋಗದ ಮಾತು. ಸಿ-ಸ್ಪ್ಯಾನ್ ವೆಬ್‌ಸೈಟ್ ನೋಡಿ. 1979ರಲ್ಲಿ ಶುರುವಾದ ಚಾನೆಲ್, ಕೇಬಲ್ ಕಂಪನಿಗಳ ದುಡ್ಡಿನಲ್ಲಿ ನಡೆಯುವುದು. ಅವರ ಎರಡನೇ ಚಾನೆಲ್‌ನಲ್ಲಿ ಶನಿವಾರ ಭಾನುವಾರ ಇತಿಹಾಸಕ್ಕೂ ಪುಸ್ತಕಕ್ಕೂ ಮೀಸಲು. ಹಳೆಯದೆಲ್ಲಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಿನ್ನೆಲೆ ಸಂಗೀತ ಇಲ್ಲ, ಸಭೆಯಲ್ಲಿ ಯಾರೋ ಕೆಮ್ಮುವುದೂ ಕೇಳಿಸುತ್ತದೆ. ನನಗೆ ಅದೇ ಇಷ್ಟ. ಕಾಲೇಜು ತರಗತಿಗಳನ್ನು ಹಾಗೇ ಹಿಡಿದು ಹಾಕುವ ಸರಣಿ ಒಂದಿದೆ, ಅದರಿಂದ ಶುರು ಮಾಡಿ.

ಕೊನೆಯ ಪ್ರಶ್ನೋತ್ತರ ಮಾತ್ರ ಬಿಡಬೇಡಿ. ಸಭಾಂಗಣದ ನಡುದಾರಿಯಲ್ಲಿ ಮೈಕ್ ಇಟ್ಟಿರುತ್ತಾರೆ, ಜನ ಸಾಲು ನಿಲ್ಲುತ್ತಾರೆ. ಮೊದಲನೆಯವರು ಪ್ರಶ್ನೆ ಅಂತ ಹೇಳಿ ತಾವೇ ಐದು ನಿಮಿಷ ಭಾಷಣ ಮಾಡುತ್ತಾರೆ, ಅದು ಎಲ್ಲಾ ಊರಿನಲ್ಲೂ ಒಂದೇ. ಆದರೆ ಮೂರನೆಯವರೋ ನಾಲ್ಕನೆಯವರೋ, ನಮ್ಮ ಮುತ್ತಜ್ಜನ ಪತ್ರ ನಮ್ಮ ಹತ್ತಿರ ಇದೆ, ಅದರಲ್ಲಿ ನೀವು ಹೇಳಿದ್ದಕ್ಕೆ ಉಲ್ಟಾ ಇದೆ ಅನ್ನುತ್ತಾರೆ. ಆಗ ವೇದಿಕೆ ಮೇಲಿರುವವರ ಮುಖ ನೋಡಬೇಕು. ಕೆಲವರು ಮಾತು ತೇಲಿಸಿಬಿಡುತ್ತಾರೆ. ಒಳ್ಳೆಯವರು ಪೆನ್ನು ತೆಗೆದು ನಿಮ್ಮ ಫೋನ್ ನಂಬರ್ ಕೊಡಿ ಅನ್ನುತ್ತಾರೆ. ಪುಸ್ತಕ ಕೊಳ್ಳಬೇಕಾ ಬೇಡವಾ ಅಂತ ನಾನು ತೀರ್ಮಾನ ಮಾಡುವುದು ಅಲ್ಲೇ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಫ್ರೀಮನ್ ಮೊದಲ ತರಗತಿ ಶುರು ಮಾಡಿದೆ. ದಾಸರೇ ಬೇಜಾರಾಗಬೇಡಿ, ಮೆಕಲ್ಲಫ್ ವಾರಾಂತ್ಯಕ್ಕೆ ಇಟ್ಟಿದ್ದೇನೆ. ಒಂದು ತೊಂದರೆ: ಫ್ರೀಮನ್ ಮಾತಾಡುವ ವೇಗಕ್ಕೆ ಹೆಸರುಗಳೆಲ್ಲಾ ತಪ್ಪಿಹೋಗುತ್ತಿವೆ.

ಬಾಸ್ಟನ್ ಬದನೆಕಾಯಿ

ಯೇಲ್ ಸೈಟಿನಲ್ಲಿ ಪ್ರತಿ ತರಗತಿಯ ಪೂರ್ತಿ ಮಾತು ಬರಹದಲ್ಲೂ ಇದೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವೇಗ ಮುಕ್ಕಾಲಿಗೆ ಇಳಿಸಿ. ಬ್ಲೈಟ್‌ಗೆ ಬಂದಾಗ ಒಂದೂಕಾಲಿಗೆ ಏರಿಸಬಹುದು.

ಹೊಸಬ

ಎಲ್ಲಾ ಓದಿದೆ, ಚೆನ್ನಾಗಿದೆ. ವಿಯೆಟ್ನಾಂ ಯುದ್ಧದ ಬಗ್ಗೆ ಯಾರನ್ನು ಕೇಳಬೇಕು?

ಹಳೇ ಮೇಷ್ಟ್ರು

ಅದಕ್ಕೆ ಬೇರೆ ಚರ್ಚೆ ಶುರು ಮಾಡಿಪ್ಪಾ. ಇಲ್ಲಿ ಸೇರಿಸಿದರೆ ದಾಸರು ಮತ್ತೆ ಜಗಳಕ್ಕೆ ಬರುತ್ತಾರೆ.